ಕಿವಿರು ಎತ್ತಿ

ಕುಲಶೇಖರದ ಇಳಿಜಾರಿನಲ್ಲಿ, ಬೊನಿಫಾಸ್ ಪೊರ್ಬುಗಳ ಶೆಡ್ಡಿನಲ್ಲಿ
ಟರ್ಪಾಲು ಎತ್ತಿದ ಕೂಡಲೇ ಕಂಡದ್ದು ಕೆಂಪು.
ಎರಡೇ ಸೀಟು. ನೆಲಕ್ಕೆ ಅಂಟಿ ಮಲಗಿದೆ,
ಬಲೆಯಿಂದ ಈಗಷ್ಟೇ ಬಿದ್ದ ಕೆಂಬೇರಿಯ ಹಾಗೆ.

ಹದಿನಾಲ್ಕು ವರ್ಷದ ಗಾಡಿ, ಜರ್ಮನಿಯದ್ದು,
ಓಡಿದ್ದು ನಲವತ್ತೊಂದು ಸಾವಿರ ಕಿಲೋಮೀಟರ್ ಅಂತೆ.
ಈ 'ಅಂತೆ'ಗೆ ದಕ್ಕೆಯಲ್ಲಿ ನಾನು ಯಾವತ್ತೂ ಕಾಸು ಕೊಟ್ಟವಳಲ್ಲ.

ಇದಿನಬ್ಬ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟ.
"ಬಿಸಿ ಉಂಟು" ಎಂದ, ನನಗೆ ಮಾತ್ರ ಕೇಳುವಷ್ಟು.
ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ,
ತಣ್ಣಗಿದ್ದಾಗ ಬರುವ ಶಬ್ದವನ್ನು ನುಂಗಿಸಿದ್ದಾರೆ.
ಆ ವಿದ್ಯೆ ನನಗೆ ಗೊತ್ತು.
ಐಸ್ ಮಾರಿ ಮನೆ ಕಟ್ಟಿದವಳು ನಾನು.
ಮೂರು ದಿನದ ಬಂಗುಡೆಯ ಮೇಲೆ ಪುಡಿ ಐಸ್ ಸುರಿದರೆ
ಅದೂ ಇವತ್ತು ಬೆಳಗ್ಗೆ ಹುಟ್ಟಿದ ಹಾಗೆ ಹೊಳೆಯುತ್ತದೆ.
ಅದಕ್ಕೇ ತಿಳಿದವರು ಕಿವಿರು ಎತ್ತುವುದು.

ಅವನು ಎತ್ತಿದ.
ಆಯಿಲ್ ಮುಚ್ಚಳದ ಒಳಗೆ ಚಹಾದ ಕೆನೆಯಂಥದ್ದು, ಸ್ವಲ್ಪ.
ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಬಾಗಿಲ ಉದ್ದಕ್ಕೂ ನಡೆಸಿದ,
ಎಡಗಡೆ ಹಿಂದಿನ ಚಕ್ರದ ಮೇಲೆ ಅದು ಹಿಡಿತ ಬಿಟ್ಟು ಜಾರಿತು.
ಅಲ್ಲಿ ಪುಟ್ಟಿ. ಪುಟ್ಟಿಯ ಹಿಂದೆ ಎಂತ ಎಂದು
ಪೊರ್ಬುಗಳಿಗೂ ಗೊತ್ತಿಲ್ಲ,
ಅಥವಾ ಗೊತ್ತುಂಟು.
ಕಾರ್ಪೆಟ್ ಎತ್ತಿದಾಗ ಬಂದ ವಾಸನೆ ನನ್ನ ಸೆರಗಿನದ್ದೇ,
ಉಪ್ಪು, ಒಣಗದ ನೀರು.
ಈ ಊರಿನಲ್ಲಿ ಸಮುದ್ರಕ್ಕೆ ಯಾರೂ ಬಾಗಿಲು ತೆರೆಯಬೇಕೆಂದಿಲ್ಲ.
ನಮ್ಮ ಗೇಟು, ಕಪಾಟಿನ ಕಾಲು, ತುಳಸಿಕಟ್ಟೆಯ ಮುಂದಿನ ನಲ್ಲಿ,
ನಮ್ಮವರ ಮೊಣಕಾಲಿಗೆ ಹಾಕಿದ ಸ್ಟೀಲು ಒಂದನ್ನು ಬಿಟ್ಟು
ಎಲ್ಲದರ ರುಚಿ ನೋಡಿ ಆಗಿದೆ ಅದಕ್ಕೆ.

ಆಮೇಲೆ ಹಲಸಿನ ಮರದಡಿ, ಬೀಡಿ ಕಟ್ಟಿನ ಕಾಗದದ ಹಿಂದೆ, ಲೆಕ್ಕ.
"ಕ್ಲಚ್ಚು ಹೋಗುತ್ತದೆ. ಈ ವರ್ಷ ಅಲ್ಲದಿದ್ದರೆ ಬರುವ ವರ್ಷ.
ಎರಡು ಲಕ್ಷ ಹಿಡಿಯಿರಿ.
ಟೈಮಿಂಗ್ ಚೈನು ಹೋಗಲಿಕ್ಕಿಲ್ಲ. ಹೋದರೆ ಇಂಜಿನ್ನೇ ಹೋಯಿತು.
ಗೇರ್‌ಬಾಕ್ಸಿಗೆ ಒಂದು ಕಂಪ್ಯೂಟರ್ ಉಂಟು, ಅದು ನನಗೆ ಗೊತ್ತಿಲ್ಲ.
ಗಾಡಿ ಲಾರಿ ಹತ್ತಿ ಕೊಯಮತ್ತೂರಿಗೆ ಹೋಗಬೇಕು,
ಸಾಮಾನು ಹಡಗಿನಲ್ಲಿ ಬರಬೇಕು,
ನೀವು ಇಲ್ಲಿ ಕಾಯಬೇಕು."

ಗೊತ್ತಿಲ್ಲ ಎಂದನಲ್ಲ, ಅದು ನನಗೆ ಹಿಡಿಸಿತು.

ನಾನೂ ಕೂಡಿಸಿದೆ, ಬೆರಳ ಗೆಣ್ಣಿನಲ್ಲಿ, ಹಳೆಯ ಅಭ್ಯಾಸ.
ಗಾಡಿಗೆ ಒಂಬತ್ತು ಕೇಳುತ್ತಾರೆ. ಖಂಡಿತ ಹಾಳಾಗುವುದಕ್ಕೆ ಎರಡು.
ಹಾಳಾದರೂ ಆಗಬಹುದು ಎಂಬುದಕ್ಕೆ ಐದು,
ಅದರಲ್ಲಿ ಅರ್ಧ ತೆಗೆದಿಡುವ, ಅರ್ಧ ದೈವಕ್ಕೆ ಬಿಡುವ.
ಹದಿಮೂರೂವರೆ.
ಕಳೆದ ಮಳೆಗಾಲ ಐಸ್ ಪ್ಲಾಂಟಿನ ಕಂಪ್ರೆಸರ್ ಒಂದಕ್ಕೇ ಹನ್ನೊಂದು ಹೋಯಿತು.
ಆಗ ಯಾರೂ ನನ್ನನ್ನು ಮರ್ಲ್ ಎನ್ನಲಿಲ್ಲ.
ಕಂಪ್ರೆಸರ್ ಕೆಂಪಗೆ ಇರಲಿಲ್ಲ, ಅದಕ್ಕೆ.

ಬುಟ್ಟಿ ನೋಡಿ ನಿಲ್ಲಿಸದೆ ಹೋದ ಬಸ್ಸುಗಳ ಸಿಟ್ಟು ಇದು
ಎಂದು ಮಗಳು ಹೇಳಬಹುದು, ಅವಳು ಓದಿದವಳು.
ಅದಕ್ಕಲ್ಲ.
ನನಗೆ ಐವತ್ತಮೂರು. ನನಗೆ ಅದು ಬೇಕು.

"ಹಾಗಾದರೆ ಬೇಡವಾ?"
"ಬೇಡ ಗುಲಾಬಿಯಕ್ಕ. ಏಳಕ್ಕೆ ಕೊಟ್ಟರೂ ಬೇಡ."
ಎಂದವನು ಸ್ಪ್ಯಾನರ್ ತರಲಿಕ್ಕೆ ಒಳಗೆ ಹೋದವನು ಬರಲೇ ಇಲ್ಲ.
ಇಣುಕಿದರೆ
ಕೈಗಳನ್ನು ಅಂಗಿಯ ಒಳಮೈಗೆ ಒರೆಸಿಕೊಂಡು
ಸ್ಟೇರಿಂಗಿನ ಮುಂದೆ ಕೂತಿದ್ದಾನೆ.
ಚಪ್ಪಲಿ ಹೊರಗೆ ಬಿಟ್ಟಿದ್ದ.

ಪೊರ್ಬುಗಳು ಕೀಲಿ ಕುಣಿಸುತ್ತಾ ನನ್ನ ಮುಖ ನೋಡಿದರು.
ಮೂವತ್ತು ವರ್ಷ ಏಲಂ ಕೂಗಿದ ಮುಖ ಇದು,
ಅಷ್ಟು ಸುಲಭಕ್ಕೆ ಏನೂ ಕೊಡುವುದಿಲ್ಲ.
"ಆರೂವರೆ" ಎಂದೆ,
ಹಲಸಿನ ಮರದಲ್ಲಿ ಎಷ್ಟು ಕಾಯಿ ಉಂಟು ಎಂದು
ಎಣಿಸುವವಳ ಹಾಗೆ ಮೇಲೆ ನೋಡುತ್ತಾ.