ನಾಲ್ಕನೇ ಡೆಕ್ಕಿನ ಲೆಕ್ಕ

ಲಾರಂತುಕದ ಬಂದರುಕಟ್ಟೆಯಲ್ಲಿ
ಹಡಗು ಒಂಬತ್ತು ಗಂಟೆ ತಡ.
ಹೋದವರು ಬಂದವರೆಲ್ಲ ಕೇಳುತ್ತಾರೆ: ಎಲ್ಲಿಗೆ?
ನಮ್ಮಲ್ಲಿ ಹೊರಟು ನಿಂತವರನ್ನು ಹಾಗೆ ಕೇಳಬಾರದು,
ಕೇಳಿಬಿಟ್ಟರೆ ಒಂದು ಗಳಿಗೆ ಕೂತು
ಒಂದು ಗುಟುಕು ನೀರು ಕುಡಿದೇ ಹೊರಡಬೇಕು.
ಇಲ್ಲಿ ಅದೇ ನಮಸ್ಕಾರ.
ಆ ಒಂದು ಬೆಳಿಗ್ಗೆಗೇ
ದುಡ್ಡು ಕೊಟ್ಟು ಕೊಂಡ ಬಾಟಲಿ ಅರ್ಧ ಖಾಲಿ.

ಬೆನ್ನ ಮೇಲೆ ಹನ್ನೊಂದು ಕಿಲೊ.
ಸೊಂಟದ ಚೀಲದಲ್ಲಿ ಹತ್ತೊಂಬತ್ತು ದಿನಕ್ಕೆ ಉಳಿದದ್ದು;
ಅದನ್ನು ದಿನಗಳಿಂದ ಭಾಗಿಸಿ, ಮತ್ತೆ ಊಟಗಳಿಂದ ಭಾಗಿಸಿ
ಶೇಷವನ್ನು ಪುಸ್ತಕದ ಅಂಚಿನಲ್ಲಿ ಬರೆದಿಟ್ಟಿದ್ದೇನೆ.
ಬೆಲೆಗೆ ಇವರು ಹರ್ಗಾ ಅನ್ನುತ್ತಾರೆ.
ಮೊದಲ ವಾರವೆಲ್ಲ ನನ್ನ ಕಿವಿಗೆ ಅದು ಅರ್ಘ್ಯ ಎಂದೇ ಬಿತ್ತು.
ಮೀನಂಗಡಿಯಲ್ಲಿ, ಬೆಮೊ ವ್ಯಾನಿನ ಬಾಗಿಲಲ್ಲಿ
ಅರ್ಘ್ಯ ಎಷ್ಟು, ಅರ್ಘ್ಯ ಎಷ್ಟು ಎಂದು ಬೆರಳೆತ್ತಿ ತಿರುಗಿದೆ.
ಒಂದು ಸಾವಿರ,
ಅಂದರೆ ನಮ್ಮ ಐದೋ ಆರೋ ರೂಪಾಯಿ,
ಇಳಿಸಿದ ರಾತ್ರಿ
ರಾಜ್ಯ ಗೆದ್ದವಳಂತೆ ಮಲಗಿದೆ.

ನಾಲ್ಕನೇ ಡೆಕ್ಕು, ಹಾಸಿಗೆ ನಂಬರು ೪೦೭೧.
ರೆಕ್ಸಿನ್ ಹರಿದು ಸ್ಪಂಜು ಇಣುಕುತ್ತದೆ,
ಅಗಲ ಎರಡೂವರೆ ಗೇಣು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು
ಮಗ್ಗುಲು ಬದಲಿಸುವ ಬಗ್ಗೆ ಏನೂ ಹೇಳಿಲ್ಲ.

೪೦೭೨ರಲ್ಲಿ ಮಾಮಾ ಪೆತ್ರೊನೆಲಾ, ಅಡೊನಾರಾ ದ್ವೀಪದವಳು.
ಉಗುರಿನ ಸಂದಿಯಲ್ಲಿ ನೂಲಿಗೆ ಹಾಕಿದ ನೀಲಿ.
ತೂತು ಕೊರೆದ ರಟ್ಟಿನ ಪೆಟ್ಟಿಗೆಯೊಳಗೆ ಒಂದು ಹುಂಜ.
ಹುಂಜಕ್ಕೆ ಟಿಕೆಟಿಲ್ಲ.
ತಪಾಸಣೆಯವನು ಬಂದಾಗೆಲ್ಲ ಅವಳು ಜೋರಾಗಿ ಕೆಮ್ಮುತ್ತಾಳೆ,
ಅದು ಕೂಗಿದರೂ ಕೆಮ್ಮಿನ ಬಾಲವೇ ಅನ್ನಿಸುವಂತೆ.

ಏನು ಕೆಲಸದ ಮೇಲೆ ಬಂದೆ?
ಕೆಲಸವಿಲ್ಲ. ನೋಡಲು.
ಏನು ನೋಡಲು?
ಮುರುಕು ಮಾತಿನಲ್ಲಿ ಸಮುದ್ರ ಎಂದೆ, ಬೆಟ್ಟ ಎಂದೆ,
ಕೊನೆಗೆ, ಜನ, ಎಂದೆ.
ಅವಳು ಡೆಕ್ಕಿನ ಉದ್ದಕ್ಕೂ ಕಣ್ಣಾಡಿಸಿದಳು:
ಗೊರಕೆ, ಒಣಮೀನಿನ ವಾಸನೆ,
ಹಗ್ಗದ ಮೇಲೆ ಯಾರದೋ ಮಗುವಿನ ಚಡ್ಡಿ,
ಇಸ್ಪೀಟಾಡುವ ಸಿಪಾಯಿಗಳು,
ನೂಡಲ್ಸಿನ ಲೋಟ ಹಿಡಿದು ಬಿಸಿನೀರಿಗೆ ಸಾಲು.
ಇದಕ್ಕೆ ದುಡ್ಡು ಕೊಟ್ಟೆಯಾ? ಎಂದು
ಹುಂಜ ಬೆಚ್ಚುವ ಹಾಗೆ ನಕ್ಕಳು.
ಮೇಲಿನ ಸಾಲಿನಲ್ಲಿ ನಾಲ್ಕು ಹಲ್ಲಿಲ್ಲ.
ಅದನ್ನು ಕಟ್ಟಿಸಲಿಕ್ಕೇ ಮಕಾಸ್ಸರಿಗೆ ಹೊರಟಿದ್ದಾಳೆ;
ಹುಂಜ, ಉಳಿಯಲು ಜಾಗ ಕೊಡುವ ನಾದಿನಿಗೆ.

ರಾತ್ರಿ ಅಲೆ ಎದ್ದಿತು.
ಖಾಲಿ ಹೊಟ್ಟೆ ತೊಳಸಿ ಗಂಟಲಿಗೆ ಬಂದಾಗ
ಕತ್ತಲಲ್ಲಿ ಒಂದು ಕೈ
ಸುಲಿದ ಬಾಳೆಹಣ್ಣನ್ನು ನನ್ನ ಕೈಗೆ ಒತ್ತಿತು.

ಬೆಳಿಗ್ಗೆ, ಕಿಟಕಿಯ ಉಪ್ಪಿನಲ್ಲಿ ಬಿಸಿಲು.
ನಾನು ಪುಸ್ತಕ ತೆಗೆದೆ. ಅವಳೂ ತೆಗೆದಳು,
ಶಾಲೆ ಮಕ್ಕಳ ಚೌಕುಳಿ ಹಾಳೆಯದು, ದಾರಕ್ಕೆ ಕಟ್ಟಿದ ಪೆನ್ಸಿಲ್ಲು.
ನನ್ನದರಲ್ಲಿ: ರಾತ್ರಿ ಊಟ, ಸೊನ್ನೆ.
ಉಳಿತಾಯ, ಹದಿನೈದು ಸಾವಿರ.
ಅದರಡಿ ಖುಷಿಗೆ ಎರಡು ಗೆರೆ.
ಅವಳದರಲ್ಲಿ, ಬೆರಳು ನಿಂತಲ್ಲಿ ಓದಿದೆ:
ಪಿಸಾಂಗ್, ಒಂದು. ಪಕ್ಕದ ಹುಡುಗಿಗೆ.
ಎದುರಿಗೆ ಎರಡು ಸಾವಿರ.
ಖರ್ಚಿನ ಕಡೆ.

ಕೊಡಲೇ, ಎಂದು ಸೊಂಟಕ್ಕೆ ಕೈ ಹಾಕಿದೆ.
ಅವಳಿಗೆ ಸಿಟ್ಟು ಬಂತು.
ಸರಸರ ಹಾಳೆ ಮಗುಚಿ ಹಿಂದಿನ ಪುಟ ತೋರಿಸಿದಳು:
ಸಾಲದ್ದು ಇಲ್ಲಿದೆ, ನೋಡು.
ಇದರಲ್ಲಿ ನೀನಿಲ್ಲ.

ಮಕಾಸ್ಸರಿನಲ್ಲಿ ಗುಂಪು ನಮ್ಮನ್ನು ಬಿಡಿಸಿತು.
ಪೆಟ್ಟಿಗೆ ಅವಳ ತಲೆಯ ಮೇಲೇರಿ
ಲಾರಿಗಳ ನಡುವೆ ಸ್ವಲ್ಪ ದೂರ ಕಂಡಿತು.

ಎಂಟು ಜನರ ಕೋಣೆಯಲ್ಲಿ ಮೇಲಿನ ಹಾಸಿಗೆ ನನ್ನದು,
ಬರೀ ಫ್ಯಾನು ಸಾಕೆಂದರೆ ಹತ್ತು ಸಾವಿರ ಕಡಿಮೆ.
ಕೆಳಗಿನಿಂದ ಒಬ್ಬ ಕೇಳಿದ:
ಹಡಗಿಗೆ ಎಷ್ಟು ಬಿತ್ತು? ವಿಮಾನಕ್ಕಿಂತ ಅಗ್ಗವಾ?
ಪುಸ್ತಕ ಬಿಚ್ಚಿದೆ. ಎರಡು ಗೆರೆಯ ಮೇಲೆ ಕಣ್ಣು ನಿಂತು
ಟಿಕೆಟ್ಟಿನ ಬೆಲೆ ಸಿಗಲು ಹೊತ್ತಾಯಿತು.

ನಸುಕಿನಲ್ಲಿ ಯಾವುದೋ ಗಲ್ಲಿಯಿಂದ
ಹುಂಜ ಕೂಗಿತು.
ಏಳು ಜನ ನಿದ್ದೆಯಲ್ಲಿದ್ದರು.
ನಾನು ಎದ್ದು ಕೂತು
ಜೋರಾಗಿ ಕೆಮ್ಮಿದೆ.