ಎಡಗೈ ರೊಟ್ಟಿ

ಶಹಾಬಜಾರಿನ ಓಣಿಯಲ್ಲಿ ಜಗದೇವಿಯ ರೊಟ್ಟಿ ಅಂಗಡಿ.
ಮೇ ತಿಂಗಳು, ಹನ್ನೊಂದಕ್ಕೇ ನಲವತ್ತೆರಡು ಡಿಗ್ರಿ.
ಶಹಾಬಾದಿ ಕಲ್ಲಿನ ಮೇಲೆ ಎದುರುಬದುರು ಅತ್ತೆ, ಸೊಸೆ.
ಒಂದು ಬಡಿತ, ಒಂದಿಷ್ಟೇ ತಿರುವು,
ಮತ್ತೊಂದು ಬಡಿತ, ಮತ್ತೊಂದಿಷ್ಟೇ.
ಸೊಸೆಯ ರೊಟ್ಟಿ ಗಡಿಯಾರದ ಹಾದಿ ಹಿಡಿದರೆ
ಜಗದೇವಿಯದು ಅದಕ್ಕೆ ಅಡ್ಡ.
ಎಡಚಿ ಆಕೆ.

ಡಬ್ಬಿ ಹಿಡಿದು ನಿಂತ ನನ್ನ ತಲೆಯಲ್ಲಿ
ಇನ್ನೂ ಬೆಳಗಿನ ಲ್ಯಾಬು.
ಎರಡು ಗಾಜಿನ ನಡುವೆ ಒಂದು ಹನಿ,
ಹರಿದರೆ ನೀರು, ಸಾಲು ಹಿಡಿದರೆ ಹರಳು.
ಒಳಗೆ ಕಡ್ಡಿಯಂಥ ಅಣುಗಳು,
ಗಾಡಿಗೆ ಹೇರಿದ ತೊಗರಿ ಕಟಿಗಿಯ ಹಾಗೆ
ಎಲ್ಲ ಒಂದೇ ದಿಕ್ಕಿಗೆ.
ಅದಕ್ಕೆ ಚಿಟಿಕೆಯಷ್ಟು ಬೇರೆ ಅಣು ಹಾಕಿದೆ, ಎಡಗೈಯದು.
ಅಷ್ಟೇ.
ಒಂದು ಪದರ ತನ್ನ ಕೆಳಗಿನದಕ್ಕೆ ಅಂದಿತು: ತುಸು ಸರಿ.
ಅದು ಅದರ ಕೆಳಗಿನದಕ್ಕೆ.
ಸರಿಯುತ್ತ ಸರಿಯುತ್ತ ಇಡೀ ಹನಿ ಸುರುಳಿಯಾಯಿತು.
ಆ ಸುತ್ತಿನ ಅಳತೆಗೆ ಒಪ್ಪುವ ಬೆಳಕು ಮಾತ್ರ ಮರಳಿ ಬಂತು,
ಕೆಂಪು. ಬಣ್ಣ ನಾನೇನೂ ಹಾಕಿರಲಿಲ್ಲ.
ಬಿಸಿಲೇರಿ ಸುತ್ತು ಬಿಗಿಯಾಗಿ
ಹಸಿರು, ಆಮೇಲೆ ನೀಲಿ.
ಕಲಬುರಗಿಯಲ್ಲಿ ಹೀಟರಿಗೆ ಯಾರು ಅರ್ಜಿ ಹಾಕುತ್ತಾರೆ?

ನಿನ್ನೆ ಮಾತ್ರ ಬಾಟಲಿ ಅದಲುಬದಲಾಗಿ
ಎಡದ್ದು ಬಲದ್ದು ಸಮಸಮ ಬಿದ್ದಿತ್ತು.
ತೂಕ ಒಂದೇ, ಕರಗುವ ಬಿಸಿ ಒಂದೇ,
ಒಂದು ಜೋಡಿಯ ಎರಡು ಚಪ್ಪಲಿ.
ಒಂದು ತಿರುವಿದ್ದನ್ನು ಇನ್ನೊಂದು ಬಿಚ್ಚುತ್ತ
ಹನಿ ಮತ್ತೆ ಬರೀ ತೊಗರಿ ಕಟಿಗಿ.
ಜಗಳವಿಲ್ಲ, ಬಣ್ಣವೂ ಇಲ್ಲ.

"ಸಣ್ಣಾಕಿದ್ದಾಗ ನಮ್ಮವ್ವ ಈ ಕೈಗಿ ಅರಬಿ ಕಟ್ಟಿ ಕುಂದ್ರಸ್ತಿದ್ಳು,"
ಜಗದೇವಿ ಹಿಟ್ಟು ನಾದುತ್ತ ಹೇಳಿದಳು,
"ಬಲಗೈಲೆ ಬಡದ್ರ ರೊಟ್ಟಿ ಹರೀತಿತ್ತು. ಕಡೀಕ ಬಿಟ್ಳು."
ಬೆಂದ ಮೇಲೆ ಯಾರದು ಯಾವುದೆಂದು ಗೊತ್ತಾಗುತ್ತದಾ, ಕೇಳಿದೆ.
ನಕ್ಕಳು. ಹಂಚಿನ ಮೇಲೊಂದು ಕವುಚಿ ನೀರು ಸವರಿ,
"ಡಬ್ಬ ಹಾಕಿದ ಮ್ಯಾಗ ಎಡಾ ಎಲ್ಲಿ, ಬಲಾ ಎಲ್ಲಿರಿ?"

ಹೌದು, ಒಂಟಿ ರೊಟ್ಟಿ ಕವುಚಿದರೆ
ಎಡಸುತ್ತು ಬಲಸುತ್ತಾಗಿ ಕಾಣುತ್ತದೆ.
ಆದರೆ ಸುರುಳಿ ಹಾಗಲ್ಲ, ಜಗದೇವಿ.
ಸ್ಕ್ರೂ ತಲೆಕೆಳಗು ಮಾಡಿ ನೋಡು, ಅದೇ ತಿರುವು.
ಒಂದರ ಮೇಲೊಂದು, ಒಂದರ ಮೇಲೊಂದು ಕೂತದ್ದು
ಎತ್ತ ಮಗುಚಿದರೂ ತನ್ನ ಕೈ ಬಿಡುವುದಿಲ್ಲ.
ಹೇಳಬೇಕೆಂದು ಬಾಯಿ ತೆರೆದೆ, ಹೊಗೆ ಹೊಕ್ಕಿತು.

ಇಪ್ಪತ್ತು ಎಣಿಸಿದಳು, ಎಡಗೈಯಲ್ಲೇ, ಸರಸರ.
ಚಿಲ್ಲರೆ ಕೊಡುವಾಗ ಮಾತ್ರ
ಒಂದು ಗಳಿಗೆ ನಿಂತು
ಬಲಗೈಗೆ ದಾಟಿಸಿ
ಕೊಟ್ಟಳು.