ಎರಡನೇ ಬದಿ

ಡೇಟನ್ ಊರಿನ ಪಶ್ಚಿಮಕ್ಕೆ, ಈಗ ಇಲ್ಲದ
ಫ್ರಿಜ್ ಕಾರ್ಖಾನೆಯ ಬೇಲಿ ಮುಗಿಯುವಲ್ಲಿ
ವರ್ನೆಟಾ ಪ್ಲೆಸೆಂಟ್ ನೆಲಮಾಳಿಗೆಗೆ ಇಳಿಯುತ್ತಾಳೆ.
ಮೆಟ್ಟಿಲು ಹನ್ನೊಂದು, ಸವೆದ ಮಂಡಿ ಎರಡು,
ಒಂದೊಂದು ಮೆಟ್ಟಿಲಿಗೂ ಒಂದೊಂದು ಬೈಗುಳ.

ಹಿಂದೆ ಯೋರಿಸ್. ರಾಟರ್‌ಡ್ಯಾಮಿನವನು, ಇಪ್ಪತ್ತಾರು ವರ್ಷ.
ಚೀಲದಲ್ಲಿ ಬಿಳಿ ಹತ್ತಿಯ ಕೈಗವಸು,
ಒಡವೆ ಅಂಗಡಿಯವರದೋ ಹೆಣ ಹೊರುವವರದೋ ಎಂಬಂಥದ್ದು.
ಅವನು ಹುಟ್ಟುವ ಹೊತ್ತಿಗೆ ಈ ತಂಡದಲ್ಲಿ
ಇಬ್ಬರು ಸತ್ತಾಗಿತ್ತು, ಒಬ್ಬ ಪಾದ್ರಿಯಾಗಿದ್ದ,
ಡ್ರಮ್ಮಿನ ಡೂಲೀ ಶಾಲೆಯ ಬಸ್ಸು ಓಡಿಸುತ್ತಿದ್ದ.
ಬ್ರೇಕು ಒತ್ತಿದರೂ ತಾಳಕ್ಕೇ ಒತ್ತುತ್ತಾನೆ ಅಂತ
ಮಕ್ಕಳು ಮನೆಯಲ್ಲಿ ಹೇಳುತ್ತಿದ್ದವಂತೆ.

ಲೈನ್ ಫೋರ್. ಅದು ತಂಡದ ಹೆಸರು.
ನಾಲ್ಕನೇ ಸಾಲಿನಲ್ಲಿ ಬಾಗಿಲು ಕೂರಿಸುತ್ತಿದ್ದವರು,
ರಾತ್ರಿ ಹನ್ನೊಂದರ ಸೈರನ್ ಆದಮೇಲೆ
ಗ್ರೀಸು ಪೂರ್ತಿ ಹೋಗದ ಕೈಯಲ್ಲೇ ಇಲ್ಲಿಗೆ ಬಂದು
ಎಪ್ಪತ್ತನಾಲ್ಕರ ಚಳಿಗಾಲವನ್ನೆಲ್ಲ ನುಡಿಸಿ ಕಳೆದವರು.
ಅಚ್ಚಾದದ್ದು ಐನೂರು, ಮಾರಿದ್ದು ನೂರಾ ಹತ್ತು.
ಉಳಿದವು ಮದುವೆಗಳಿಗೆ ಉಡುಗೊರೆ, ಕುಂಟು ಮಂಚಕ್ಕೆ ಕಾಲು,
ಒಂದು ಮಳೆಗೆ ನೀರು ನುಗ್ಗಿದಾಗ ಕೊಳೆತ ರಟ್ಟು.

ಹೊದಿಕೆಯ ಮೇಲೆ ಐವರು:
ಅಗಲ ಕಾಲರು, ಅದಕ್ಕಿಂತ ಅಗಲ ಕೂದಲು.
ಬಲತುದಿಯಲ್ಲಿ ನಗದೆ ನಿಂತವಳು ಇವಳೇ,
ಎಲೆಕ್ಟ್ರಿಕ್ ಪಿಯಾನೋ.
‘ನಗು ಅಂದ ಫೋಟೋದವನು. ಯಾಕೆ ಅಂದೆ.’

ಮುಳ್ಳು ಇಳಿಯುತ್ತದೆ.
ಮೊದಲು ಕರಕರ, ಹುರಿಗಡಲೆ ಅಗಿದ ಹಾಗೆ.
ಆಮೇಲೆ ಬೇಸ್. ಅದು ಕಿವಿಯ ದಾರಿಯಲ್ಲಿ ಬರುವುದಿಲ್ಲ,
ಕಾಲ್ಬೆರಳಿಂದ ಹತ್ತಿ, ಮಂಡಿಯಲ್ಲಿ ಕೊಂಚ ತಂಗಿ,
ಸೊಂಟಕ್ಕೆ ಬಂದು ಅದರ ಹೆಸರು ವಿಚಾರಿಸುತ್ತದೆ.
ಡೂಲೀ ಪ್ರತಿ ಪೆಟ್ಟನ್ನೂ ಕೂದಲೆಳೆಯಷ್ಟು ತಡವಾಗಿ ಇಡುತ್ತಾನೆ,
ಸಾಲ ಕೊಟ್ಟೇ ಕೊಡುತ್ತೇನೆ, ಅವಸರ ಮಾಡಬೇಡ
ಅನ್ನುವವನ ಹಾಗೆ.
ಆ ಎಳೆಯಷ್ಟು ತಡದೊಳಗೆ ಐವತ್ತು ವರ್ಷ
ಕಾಲು ಚಾಚಿ ಕೂತಿದೆ.

‘ಹಡಗುಕಟ್ಟೆಯ ಸಂತೆಯಲ್ಲಿ ಸಿಕ್ಕಿತು,’ ಅನ್ನುತ್ತಾನೆ ಯೋರಿಸ್,
‘ಹೊದಿಕೆ ಇರಲಿಲ್ಲ. ಒಂದು ಕಾಫಿಯ ದುಡ್ಡು.
ರಾತ್ರಿಪಾಳಿ ನನಗೆ, ಕ್ರೇನಿನ ಗೂಡಿನಲ್ಲಿ.
ಅಲ್ಲಿ ಇದನ್ನೇ ಕೇಳುತ್ತ ಕಂಟೇನರು ಎತ್ತುತ್ತಿದ್ದೆ, ಇಳಿಸುತ್ತಿದ್ದೆ.’

ಆಮೇಲೆ ಬೆರಳೆತ್ತುತ್ತಾನೆ: ಇದೇ. ಇಲ್ಲಿ.
ಎರಡನೇ ಬದಿ, ಮೂರನೆಯದು, ಎಲ್ಲ ವಾದ್ಯ ನಿಂತಮೇಲೂ
ಅಡಿಯಲ್ಲಿ ಒಂದು ಸ್ವರ ನಿಲ್ಲದೆ ಉಳಿಯುತ್ತದಲ್ಲ,
ತಂಬೂರಿಯ ಹಾಗೆ, ಗೋಡೆಯಾಚೆಯ ದುಂಬಿಯ ಹಾಗೆ,
ಇದು ಯಾವ ಯಂತ್ರ? ಯಾವ ಕಂಪನಿಯ ಸಿಂಥಸೈಜರ್?
ನಮ್ಮಲ್ಲಿ ಹನ್ನೆರಡು ವರ್ಷದಿಂದ ಜಗಳ.
ಒಬ್ಬ ಪ್ರಬಂಧ ಬರೆದಿದ್ದಾನೆ. ಒಬ್ಬಳು
ಅದೊಂದನ್ನೇ ಬಿಡಿಸಿ ತೆಗೆದು ತನ್ನ ಹಾಡಿನ ಅಂಚಿಗೆ ಹೊಲಿದುಕೊಂಡಿದ್ದಾಳೆ.

ವರ್ನೆಟಾಳಿಗೆ ನಗು ಬರುತ್ತದೆ, ಅದು ಕೆಮ್ಮಾಗುತ್ತದೆ,
ಕೆಮ್ಮು ತಿರುಗಿ ನಗುವಾಗುತ್ತದೆ.
ಮೂಲೆಗೆ ಕೈ ತೋರಿಸುತ್ತಾಳೆ.

ಹಳದಿಗೆ ತಿರುಗಿದ ಬಿಳಿ ಫ್ರಿಜ್ಜು. ಹಿಡಿಕೆಗೆ ಟೇಪು.
ಅವತ್ತು ಅದರ ಪ್ಲಗ್ಗು ಕಿತ್ತಿದ್ದರೆ
ಡೂಲೀಯ ಅಮ್ಮ ಕಳಿಸಿದ ಆಲೂಗಡ್ಡೆ ಸಲಾಡು ಹಳಸುತ್ತಿತ್ತು.
ಬೇಡ, ಇರಲಿ ಎಂದ ಬೇಸಿನ ಲೆಮ್ಯುಯೆಲ್.
ಕಿವಿಯನ್ನು ಅದರ ಬಾಗಿಲಿಗೆ ಆನಿಸಿ, ಬಿರಡೆ ತಿರುವಿ,
ತನ್ನ ತಂತಿಯನ್ನು ಅದರ ಶ್ರುತಿಗೆ ಇಳಿಸಿಕೊಂಡ.
ಉಳಿದವರು ಗೊಣಗುತ್ತ ಅವನ ಹಿಂದೆ.
‘ಬಾಗಿಲು ನಾವೇ ಕೂರಿಸಿದ್ದಲ್ಲವೇನಪ್ಪ.
ಪಾಳಿಯುದ್ದಕ್ಕೂ ಅದೇ ಗುಂಯ್ ಕೇಳಿ ಕೇಳಿ
ಬೇರೆ ಶ್ರುತಿಯಲ್ಲಿ ನುಡಿಸಲು ಬರುತ್ತಿರಲಿಲ್ಲ ನಮಗೆ.’

ಹುಡುಗ ಕೈಗವಸು ಬಿಚ್ಚುತ್ತಾನೆ.
ಜ್ವರ ನೋಡುವವರು ಮಗುವಿನ ಹಣೆಗೆ ಇಡುವಂತೆ
ಫ್ರಿಜ್ಜಿನ ಮೈಗೆ ಅಂಗೈ ಇಡುತ್ತಾನೆ.
ಅದು ಒಮ್ಮೆ ಅದುರಿ, ಗುಟುರು ಹಾಕಿ, ಶುರುವಾಗುತ್ತದೆ.

ಕಾರ್ಖಾನೆ ಹೋಯಿತು, ಬೇಲಿ ಉಳಿಯಿತು.
ಲೆಮ್ಯುಯೆಲ್ ಉಳಿಯಲಿಲ್ಲ.
‘ಮುಳ್ಳು ಎತ್ತು ಮಗಾ, ಮೊದಲಿಂದ ಹಾಕು.
ರೇಟಿನ ಮಾತು ಆಮೇಲೆ. ಒಳಗೆ ಬಿಯರ್ ಇದೆ, ತಗೋ.
ಬಾಗಿಲು ಮಾತ್ರ ಮೆಲ್ಲಗೆ ಮುಚ್ಚು,
ಶ್ರುತಿ ಕದಲೀತು.’